ಕಾಣದ ಬದಿಯನ್ನೂ ಬಿಡಿಸಿ: ಲೋಟದಿಂದ ಹಾಗಲಕಾಯಿಯವರೆಗೆ ಚಿತ್ರದ ಮೊದಲ ಅಭ್ಯಾಸಗಳು

ಒಂದು ಸ್ಟೀಲ್ ಲೋಟ ಬಿಡಿಸಿ. ಮುಂದೆ ಓದುವ ಮೊದಲೇ ಬಿಡಿಸಿ. ಲೋಟವನ್ನು ಮೇಜಿನ ಮೇಲಿಟ್ಟು ಐದು ನಿಮಿಷ ಕೂತರೆ ಸಾಕು. ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ ಪಕ್ಕಕ್ಕಿಡಿ.

ಬಹಳಷ್ಟು ಜನರ ಲೋಟ ಹೀಗಿರುತ್ತದೆ. ಬಾಯಿ ಮೊಟ್ಟೆಯಾಕಾರ, ಎರಡು ಬದಿಗೆ ಎರಡು ಗೆರೆ, ತಳಕ್ಕೆ ಸ್ಕೇಲ್ ಇಟ್ಟ ಹಾಗೆ ಒಂದು ನೇರ ಗೆರೆ. ಬಾಯನ್ನು ಮೇಲಿನಿಂದ ನೋಡಿದ್ದಾರೆ, ತಳವನ್ನು ಎದುರಿನಿಂದ ನೋಡಿದ್ದಾರೆ. ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ತಯಾರಾಗುವಾಗ ನಾನು ವರ್ಷವಿಡೀ ಇಂಥ ಲೋಟಗಳನ್ನೇ ಬಿಡಿಸಿದ್ದೆ. ಪೆನ್ಸಿಲಿನಿಂದ ಎಷ್ಟು ಶೇಡಿಂಗ್ ಮಾಡಿದರೂ ಅವು ಹಾಳೆಯಿಂದ ಎದ್ದು ನಿಲ್ಲುತ್ತಿರಲಿಲ್ಲ. ತಪ್ಪು ಶೇಡಿಂಗಿನಲ್ಲಿ ಇರಲಿಲ್ಲ. ಲೋಟಕ್ಕೆ ಒಂದು ಹಿಂಬದಿ ಇದೆ ಅನ್ನೋದೇ ನನ್ನ ತಲೆಯಲ್ಲಿ ಇರಲಿಲ್ಲ.

ಈ ಲೇಖನದ ಎಲ್ಲ ಅಭ್ಯಾಸಗಳೂ ಅದೇ ಒಂದು ವಿಷಯದ ಸುತ್ತ ಇವೆ. ವಸ್ತು ಗಾಜಿನದು ಅಂದುಕೊಳ್ಳಿ. ಕಣ್ಣಿಗೆ ಕಾಣದ ಬದಿಯನ್ನೂ ಬಿಡಿಸಿ. ಹಿಂಬದಿ ಸರಿಯಾಗಿ ಕೂತರೆ ಮುಂಬದಿ ತಾನಾಗಿ ಸರಿಯಾಗುತ್ತದೆ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಒಂದು ಬದಿ ಪ್ರಿಂಟ್ ಆದ ಎ4 ಹಾಳೆಗಳು, ಒಂದು ಕಪ್ಪು ಬಾಲ್ ಪೆನ್, ಒಂದು ಕೆಂಪು ಪೆನ್. ಶೇಡಿಂಗಿಗೆ ಒಂದು 2ಬಿ, ಒಂದು 6ಬಿ ಪೆನ್ಸಿಲ್. ರಬ್ಬರ್ ಬೇಡ. ಮೊದಲ ತಿಂಗಳು ಪೆನ್ನಿನಲ್ಲೇ ಅಭ್ಯಾಸ ಮಾಡಿ ಅಂತ ಒತ್ತಾಯ ಮಾಡುತ್ತೇನೆ. ಪೆನ್ಸಿಲ್ ಇದ್ದರೆ ಕೈ ಅಳಿಸುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಪೆನ್ ಆದರೆ ಎಳೆಯುವ ಮುಂಚೆ ಯೋಚನೆ ಮಾಡಲೇಬೇಕಾಗುತ್ತದೆ.

ಚುಕ್ಕಿಯಿಂದ ಚುಕ್ಕಿಗೆ

ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುವವರನ್ನು ಗಮನಿಸಿದ್ದೀರಾ? ಚುಕ್ಕಿ ಇಟ್ಟ ಮೇಲೆ ಎಳೆ ಎಳೆಯುವಾಗ ಕೈ ನಡುವೆ ನಿಲ್ಲುವುದಿಲ್ಲ. ಮಣಿಕಟ್ಟು ಮಾತ್ರ ಅಲ್ಲ, ಇಡೀ ತೋಳು ಸಾಗುತ್ತದೆ. ಕಣ್ಣು ಬೆರಳಿನ ಮೇಲೆ ಇರುವುದಿಲ್ಲ, ತಲುಪಬೇಕಾದ ಚುಕ್ಕಿಯ ಮೇಲೆ ಇರುತ್ತದೆ. ಪೆನ್ನಿನಲ್ಲೂ ಬೇಕಾದ್ದು ಇದೇ.

ಹಾಳೆಯಲ್ಲಿ ನಾಲ್ಕೈದು ಬೆರಳಿನಷ್ಟು ದೂರಕ್ಕೆ ಎರಡು ಚುಕ್ಕಿ ಇಡಿ. ಪೆನ್ ಹಾಳೆಗೆ ತಾಗದ ಹಾಗೆ ಗಾಳಿಯಲ್ಲೇ ಎರಡು ಮೂರು ಸಲ ಆ ಚುಕ್ಕಿಯಿಂದ ಈ ಚುಕ್ಕಿಗೆ ಕೈ ಆಡಿಸಿ. ಕೈಗೆ ದಾರಿ ಸಿಕ್ಕಿದ ಮೇಲೆ ಒಂದೇ ಉಸಿರಿಗೆ ಎಳೆಯಿರಿ. ಗೆರೆ ಚುಕ್ಕಿ ತಪ್ಪಿಸಿಕೊಂಡು ಹೋದರೂ ಪರವಾಗಿಲ್ಲ, ನಡುಗಬಾರದು. ತಪ್ಪಿದ ಗೆರೆಯ ಮೇಲೆ ಮತ್ತೆ ಗೆರೆ ಎಳೆದು ಸರಿಮಾಡಲು ಹೋಗಬೇಡಿ. ಹಾಗೆ ಮಾಡಿದರೆ ತಪ್ಪು ಇನ್ನೂ ಎದ್ದು ಕಾಣುತ್ತದೆ. ದಿನಕ್ಕೆ ಅರ್ಧ ಹಾಳೆ ಸಾಕು.

ಚಿಕ್ಕ ಗೆರೆಗೆ ಮಣಿಕಟ್ಟು, ಉದ್ದ ಗೆರೆಗೆ ಭುಜ. ಮೊದಮೊದಲು ಭುಜದಿಂದ ಎಳೆದ ಗೆರೆ ಅಡ್ಡಾದಿಡ್ಡಿ ಹೋಗುತ್ತದೆ. ಒಂದೆರಡು ವಾರ ಹೀಗೇ ಇರುತ್ತದೆ ಅಂತ ಮೊದಲೇ ಒಪ್ಪಿಕೊಂಡು ಶುರು ಮಾಡಿ.

ಲೋಟದ ಬಾಯಿ

ಈಗ ಆ ಸ್ಟೀಲ್ ಲೋಟವನ್ನು ಕೈಗೆ ತೆಗೆದುಕೊಳ್ಳಿ. ಅದರ ಬಾಯಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುವಂತೆ ಹಿಡಿಯಿರಿ. ಒಂದು ಕಣ್ಣು ಮುಚ್ಚಿ. ಬಾಯಿ ಈಗ ಬರೀ ಒಂದು ನೇರ ಗೆರೆ. ಲೋಟವನ್ನು ನಿಧಾನವಾಗಿ ಕೆಳಗಿಳಿಸಿ. ಗೆರೆ ತೆರೆದುಕೊಂಡು ಸಪೂರ ಎಲಿಪ್ಸ್ ಆಗುತ್ತದೆ. ಗಣಿತದ ತರಗತಿಯಲ್ಲಿ ದೀರ್ಘವೃತ್ತ ಅನ್ನುತ್ತಿದ್ದರಲ್ಲ, ಅದೇ. ಇನ್ನೂ ಇಳಿಸಿದರೆ ಅದು ಇನ್ನಷ್ಟು ಗುಂಡಗಾಗುತ್ತದೆ.

ಅಂದರೆ ಕಣ್ಣಿನ ಮಟ್ಟದಿಂದ ಕೆಳಗೆ ಹೋದಷ್ಟೂ ದುಂಡು ಜಾಸ್ತಿ ತೆರೆದುಕೊಳ್ಳುತ್ತದೆ. ಮೇಜಿನ ಮೇಲಿನ ಲೋಟದಲ್ಲಿ ತಳ ಬಾಯಿಗಿಂತ ಕೆಳಗಿದೆ. ಹಾಗಾಗಿ ತಳದ ಎಲಿಪ್ಸ್ ಅಗಲದಲ್ಲಿ ಚಿಕ್ಕದಿದ್ದರೂ ಬಾಯಿಗಿಂತ ಸ್ವಲ್ಪ ಹೆಚ್ಚೇ ಗುಂಡಗಿರಬೇಕು. ನಾವು ಬಿಡಿಸಿದ್ದು ನೇರ ಗೆರೆ! ಪೂರ್ತಿ ಉಲ್ಟಾ.

ಅಭ್ಯಾಸ ಹೀಗೆ ಮಾಡಿ. ಎರಡು ಸಮಾನಾಂತರ ಗೆರೆ ಎಳೆದು, ಅವುಗಳ ನಡುವೆ ಎರಡೂ ಗೆರೆಗೆ ತಾಗುವಂತೆ ಸಾಲಾಗಿ ಎಲಿಪ್ಸ್ ಹಾಕಿ. ಸಪೂರದಿಂದ ಶುರುಮಾಡಿ ಗುಂಡಗಿನ ಕಡೆಗೆ ಹೋಗಿ. ಒಂದೊಂದನ್ನೂ ಕೈ ಎತ್ತದೆ ಎರಡು ಸುತ್ತು ತಿರುಗಿಸಿ. ಎರಡು ತುದಿ ಬಾದಾಮಿಯ ಹಾಗೆ ಚೂಪಾಗಬಾರದು. ಸಪೂರ ಎಲಿಪ್ಸಿನ ತುದಿಯೂ ದುಂಡಗೇ ತಿರುಗುತ್ತದೆ.

ಬೆಂಕಿಪೊಟ್ಟಣ

ಮೂರು ಆಯಾಮದ ಚಿತ್ರಕ್ಕೆ ಪೆಟ್ಟಿಗೆಯೇ ಅಡಿಪಾಯ. ಮಾದರಿಗೆ ಒಂದು ಬೆಂಕಿಪೊಟ್ಟಣ ಸಾಕು.

ಅದರ ಒಂದು ಮೂಲೆ ನಿಮ್ಮ ಕಡೆ ಬರುವಂತೆ, ಮೂರು ಮುಖ ಕಾಣುವಂತೆ ಹಿಡಿಯಿರಿ. ಹತ್ತಿರದ ಆ ಮೂಲೆಯೇ ನಿಮ್ಮ ಮೊದಲ ಚುಕ್ಕಿ. ಅಲ್ಲಿಂದ ಮೂರು ದಿಕ್ಕಿಗೆ ಮೂರು ಗೆರೆ ಎಳೆಯಿರಿ. ಗೆರೆಗಳ ನಡುವಿನ ಮೂರೂ ಕೋನ 90 ಡಿಗ್ರಿಗಿಂತ ಜಾಸ್ತಿ ಇರಲಿ. ಆಮೇಲೆ ಒಂದೊಂದು ಗೆರೆಗೂ ಜೊತೆಗಾರ ಗೆರೆಗಳನ್ನು ಹಾಕುತ್ತಾ ಹೋಗಿ. ಮೂರು ಮುಖ ಮುಗಿದ ಮೇಲೆ ನಿಲ್ಲಬೇಡಿ. ಹಿಂದಿನ ಮೂರು ಅಂಚು, ಹಿಂದಿನ ಮೂಲೆ ಎಲ್ಲವನ್ನೂ ಗಾಜಿನ ಪೆಟ್ಟಿಗೆಯ ಹಾಗೆ ಬಿಡಿಸಿ. ಒಟ್ಟು 12 ಅಂಚು ಬರಬೇಕು.

ಈಗ ಕೆಂಪು ಪೆನ್ ತೆಗೆದುಕೊಳ್ಳಿ. ಆ 12 ಅಂಚುಗಳಲ್ಲಿ ನಾಲ್ಕು ಒಂದು ದಿಕ್ಕಿಗೆ, ನಾಲ್ಕು ಇನ್ನೊಂದಕ್ಕೆ, ನಾಲ್ಕು ಮತ್ತೊಂದಕ್ಕೆ ಹೋಗುತ್ತವೆ. ಒಂದು ಗುಂಪಿನ ನಾಲ್ಕೂ ಗೆರೆಗಳನ್ನು ನಿಮ್ಮಿಂದ ದೂರ ಹೋಗುವ ಕಡೆಗೆ ಉದ್ದ ಮಾಡಿ. ಅವು ಹೋಗ್ತಾ ಹೋಗ್ತಾ ಹತ್ತಿರ ಬರಬೇಕು. ದೂರದ ರೈಲು ಹಳಿ ಕೂಡಿಕೊಂಡ ಹಾಗೆ ಕಾಣುತ್ತದಲ್ಲ, ಹಾಗೆ. ಎರಡು ಗೆರೆ ಬೇಗ ಕೂಡಿ ಉಳಿದೆರಡು ದೂರ ದೂರ ಹೋದರೆ ತಪ್ಪು ಎಲ್ಲಿದೆ ಅಂತ ಅಲ್ಲೇ ಕಾಣಿಸುತ್ತದೆ. ಗೆರೆಗಳು ದೂರ ಹೋದಂತೆ ಅಗಲವಾಗಿದ್ದರೆ ಪೆಟ್ಟಿಗೆಯ ಹಿಂಬದಿ ಮುಂಬದಿಗಿಂತ ದೊಡ್ಡದಾಗಿಬಿಟ್ಟಿದೆ ಅಂತ ಅರ್ಥ. ಶುರುವಿನಲ್ಲಿ ಎಲ್ಲರಿಗೂ ಆಗುವ ತಪ್ಪು ಇದು.

ಕೆಂಪು ಪೆನ್ನಿನ ಈ ಹಂತವನ್ನು ಬಿಡಬೇಡಿ. ಸುಮ್ನೆ ಐವತ್ತು ಪೆಟ್ಟಿಗೆ ಬಿಡಿಸುವುದಕ್ಕಿಂತ ಹತ್ತು ಬಿಡಿಸಿ ಹತ್ತನ್ನೂ ತಿದ್ದಿ ನೋಡುವುದು ಎಷ್ಟೋ ಮೇಲು. ದಿನಕ್ಕೆ ಐದು ಪೆಟ್ಟಿಗೆ ಅಂದರೆ ತಿಂಗಳಿಗೆ 150 ಆಯಿತು. ಅಷ್ಟು ಹೊತ್ತಿಗೆ ಪೊಟ್ಟಣವನ್ನು ಎದುರಿಗೆ ಇಟ್ಟುಕೊಳ್ಳದೆಯೂ ಅದನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಿ ಬಿಡಿಸಲು ಬರುತ್ತದೆ.

ಸೌತೆಕಾಯಿಗೆ ರಬ್ಬರ್ ಬ್ಯಾಂಡ್

ಪೆಟ್ಟಿಗೆಗೆ ಅಂಚು ಇರುತ್ತದೆ. ಹಣ್ಣು, ತರಕಾರಿ, ಪ್ರಾಣಿ, ನಮ್ಮ ಮೈಕೈ, ಇವಕ್ಕೆ ಅಂಚು ಇಲ್ಲ. ಇವುಗಳ ಉಬ್ಬು ತಗ್ಗನ್ನು ತೋರಿಸುವುದು ಮೈಸುತ್ತ ಹೋಗುವ ಗೆರೆ. ಚಿತ್ರಕಲೆ ಕಲಿಸುವವರು ಕ್ರಾಸ್ ಕಂಟೂರ್ ಲೈನ್ ಅನ್ನುತ್ತಾರೆ. ನಾನು ಮೈಗೆರೆ ಅಂತ ಕರೆಯುತ್ತೇನೆ.

ಒಂದು ಸೌತೆಕಾಯಿಗೆ ಅಲ್ಲಲ್ಲಿ ಐದಾರು ರಬ್ಬರ್ ಬ್ಯಾಂಡ್ ಹಾಕಿ. ಮೇಜಿನ ಮೇಲೆ ಅಡ್ಡಲಾಗಿಟ್ಟು ನೋಡಿ. ನಡುವಿನ ಬ್ಯಾಂಡ್ ಹೆಚ್ಚುಕಮ್ಮಿ ನೇರ ಗೆರೆ. ತುದಿಯ ಕಡೆ ಹೋದಂತೆ ಬ್ಯಾಂಡುಗಳು ಬಾಗುತ್ತವೆ. ಈಗ ಒಂದು ತುದಿ ನಿಮ್ಮ ಮೂಗಿನ ಕಡೆ ಬರುವಂತೆ ತಿರುಗಿಸಿ. ಎಲ್ಲ ಬ್ಯಾಂಡೂ ದುಂಡಗಾದವು, ಎಲ್ಲದರ ಉಬ್ಬೂ ಒಂದೇ ಕಡೆಗೆ ತಿರುಗಿತು. ಇನ್ನೊಂದು ತುದಿಯನ್ನು ನಿಮ್ಮ ಕಡೆಗೆ ತನ್ನಿ. ಉಬ್ಬು ಆ ಕಡೆಗೆ ಹೊರಳಿತು. ಕಾಯಿ ನಿಮ್ಮ ಕಡೆ ಬರುತ್ತಿದೆಯೋ ನಿಮ್ಮಿಂದ ದೂರ ಹೋಗುತ್ತಿದೆಯೋ ಅನ್ನುವುದನ್ನು ಹೇಳುವುದು ಈ ಬಾಗು. ಹೊರಗೆರೆ ಮಾತ್ರ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಬ್ಯಾಂಡಿನ ಸಮೇತ ಮೂರು ನಾಲ್ಕು ಸಲ ಬಿಡಿಸಿ. ಆಮೇಲೆ ಬ್ಯಾಂಡ್ ತೆಗೆದು, ಅವು ಎಲ್ಲಿದ್ದವು ಅಂತ ನೆನಪಿಟ್ಟುಕೊಂಡು ಬಿಡಿಸಿ. ಕೊನೆಗೆ ಮಾದರಿಯೇ ಇಲ್ಲದೆ ಹಾಳೆ ತುಂಬ ಉದ್ದುದ್ದ ಗೆಣಸಿನಂಥ ಆಕಾರ ಹಾಕಿ, ಒಂದೊಂದಕ್ಕೂ ಮೈಗೆರೆ ಸುತ್ತಿ. ಗಮನ ಇಡಬೇಕಾದ ಜಾಗ ಅಂಚು. ಮೈಗೆರೆ ಅಂಚಿಗೆ ಬಂದು ಗಕ್ಕನೆ ನಿಲ್ಲಬಾರದು. ಬಾಗಿ ಹಿಂದಕ್ಕೆ ಹೋಗುತ್ತಿದೆ ಅನ್ನಿಸಬೇಕು. ಬಳೆ ಕೈಯ ಹಿಂಬದಿಗೆ ಹೋಗುವ ಜಾಗವನ್ನು ಒಮ್ಮೆ ನೋಡಿದರೆ ನಾನು ಹೇಳುತ್ತಿರುವುದು ತಕ್ಷಣ ತಿಳಿಯುತ್ತದೆ.

ಚೊಂಬು ಕಟ್ಟುವುದು

ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್ 1904ರಲ್ಲಿ ತನಗಿಂತ ಚಿಕ್ಕವನಾದ ಎಮಿಲ್ ಬರ್ನಾರ್ ಎಂಬ ಚಿತ್ರಕಾರನಿಗೆ ಒಂದು ಕಾಗದ ಬರೆದ. ಪ್ರಕೃತಿಯನ್ನು ಉರುಳೆ, ಗೋಳ, ಶಂಕು ಇವುಗಳ ಮೂಲಕ ನೋಡು ಅನ್ನುವುದು ಅದರ ತಾತ್ಪರ್ಯ. ನಮಗೆ ಈ ಪಾಠ ಕಣ್ಣೆದುರೇ ಇದೆ. ಚನ್ನಪಟ್ಟಣದ ಬೊಂಬೆ ನೋಡಿ. ಮರದ ತುಂಡನ್ನು ಚರಕಿ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿ ಕಡೆಯುತ್ತಾರೆ. ಅದಕ್ಕೇ ತಲೆ ಒಂದು ಗೋಳ, ಮೈ ಒಂದು ಉರುಳೆ, ಟೋಪಿ ಒಂದು ಶಂಕು. ಎಲ್ಲವೂ ನಡುವಿನ ಒಂದೇ ಅಚ್ಚಿನ ಸುತ್ತ ಕೂತಿರುತ್ತವೆ. ಬೇಲೂರು, ಹಳೇಬೀಡಿನ ಹೊಯ್ಸಳ ದೇವಸ್ಥಾನಗಳಲ್ಲಿ ನುಣುಪಾಗಿ ಬಳೆ ಬಳೆಯಾಗಿ ಕಡೆದ ಕಂಬಗಳಿವೆಯಲ್ಲ, ಅವುಗಳ ಲೆಕ್ಕವೂ ಇದೇ: ಒಂದು ಅಚ್ಚು, ಅದಕ್ಕೆ ಪೋಣಿಸಿದ ದುಂಡುಗಳು.

ಮನೆಯ ಹಿತ್ತಾಳೆ ಚೊಂಬನ್ನೂ ಹಾಗೇ ಕಟ್ಟೋಣ. ನಿಮ್ಮಿಂದ ಒಂದು ಮಾರು ದೂರಕ್ಕೆ ಇಟ್ಟುಕೊಳ್ಳಿ.

ಮೊದಲು ಒಂದು ನೆಟ್ಟನೆಯ ಗೆರೆ. ಇದೇ ಅಚ್ಚು. ಅದರ ಮೇಲೆ ನಾಲ್ಕು ಗುರುತು ಹಾಕಿ: ಬಾಯಿ, ಕತ್ತು, ಹೊಟ್ಟೆ ಅತಿ ಅಗಲವಾಗಿರುವ ಜಾಗ, ತಳ. ಗುರುತುಗಳ ನಡುವಿನ ಅಂತರವನ್ನು ಊಹೆಯಿಂದ ಹಾಕಬೇಡಿ. ಪೆನ್ ಹಿಡಿದ ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಚೊಂಬಿನ ಎತ್ತರವನ್ನು ಪೆನ್ನಿನ ಮೇಲೆ ಹೆಬ್ಬೆರಳಿಂದ ಅಳೆಯಿರಿ. ಆ ಎತ್ತರದಲ್ಲಿ ಕತ್ತು ಎಷ್ಟನೇ ಭಾಗಕ್ಕೆ ಬರುತ್ತದೆ, ಹೊಟ್ಟೆಯ ಅಗಲ ಎತ್ತರಕ್ಕಿಂತ ಜಾಸ್ತಿಯೋ ಕಮ್ಮಿಯೋ, ಇವಿಷ್ಟು ನೋಡಿಕೊಂಡರೆ ಸಾಕು. ಬಹಳ ಜನ ಕತ್ತನ್ನು ಬೇಕಾದ್ದಕ್ಕಿಂತ ಉದ್ದ ಮಾಡುತ್ತಾರೆ.

ಆಮೇಲೆ ನಾಲ್ಕೂ ಗುರುತಿನಲ್ಲಿ ಎಲಿಪ್ಸ್ ಹಾಕಿ. ಅಚ್ಚಿನ ಗೆರೆ ಪ್ರತಿ ಎಲಿಪ್ಸನ್ನೂ ಸರಿಯಾಗಿ ಎರಡು ಸಮಭಾಗ ಮಾಡಬೇಕು. ಬಾಯಿಯದ್ದು ಸಪೂರ, ಕೆಳಗೆ ಬಂದಂತೆ ಗುಂಡಗು. ಹೊಟ್ಟೆಯ ಎಲಿಪ್ಸ್ ಕಣ್ಣಿಗೆ ಕಾಣದು, ಆದರೂ ಹಾಕಿ. ಚೊಂಬಿಗೆ ಭಾರ ಬರುವುದು ಅದರಿಂದಲೇ. ಈಗ ಬದಿಯ ಗೆರೆ. ಬಾಯಿಯಿಂದ ಕತ್ತಿಗೆ ಒಳಬಾಗಿ, ಕತ್ತಿನಿಂದ ಹೊಟ್ಟೆಗೆ ಉಬ್ಬಿ, ಹೊಟ್ಟೆಯಿಂದ ತಳಕ್ಕೆ ಜಾರುತ್ತಾ ಇಳಿಯಲಿ. ಈ ಗೆರೆ ಎಲಿಪ್ಸಿನ ತುದಿಯನ್ನು ಸವರಿಕೊಂಡು ಹೋಗಬೇಕು, ಚುಚ್ಚಿಕೊಂಡು ಹೋಗಬಾರದು.

ಬಾಯಿಯ ಅಂಚಿಗೆ ದಪ್ಪ ಇದೆ, ಅದನ್ನು ಮರೆಯಬೇಡಿ. ಮೊದಲ ಎಲಿಪ್ಸಿನ ಒಳಗೆ ಇನ್ನೊಂದು ಎಲಿಪ್ಸ್ ಹಾಕಿ. ಈ ಒಂದು ಗೆರೆ ಬಿದ್ದ ಕೂಡಲೇ ಚೊಂಬು ಕಾಗದದ್ದಲ್ಲ, ಲೋಹದ್ದು ಅನ್ನಿಸತೊಡಗುತ್ತದೆ.

ನಿಲ್ಲಿಸಿದ ಚೊಂಬು ಬಂದ ಮೇಲೆ ಅದನ್ನು ಮಲಗಿಸಿ ಬಿಡಿಸಿ. ಅಚ್ಚು ವಾಲಿತು ಅಂದರೆ ಎಲ್ಲ ಎಲಿಪ್ಸೂ ಅದರ ಜೊತೆ ವಾಲಬೇಕು. ಅಚ್ಚಿಗೂ ಎಲಿಪ್ಸಿನ ಉದ್ದದ ಗೆರೆಗೂ ನಡುವೆ ಯಾವಾಗಲೂ ಲಂಬಕೋನ ಇರಬೇಕು. ಅಚ್ಚನ್ನು ವಾಲಿಸಿ ಎಲಿಪ್ಸನ್ನು ಮಾತ್ರ ಅಡ್ಡಕ್ಕೇ ಬಿಟ್ಟರೆ ಚೊಂಬು ತಿರುಚಿದ ಹಾಗೆ ಕಾಣುತ್ತದೆ.

ಬೆಳಕು ಒಂದೇ ಕಡೆಯಿಂದ

ಶೇಡಿಂಗಿಗೆ ಒಂದು ಮೊಟ್ಟೆ ಅಥವಾ ನಿಂಬೆಹಣ್ಣು ತಗೊಳ್ಳಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಒಂದೇ ಟೇಬಲ್ ಲ್ಯಾಂಪ್, ಇಲ್ಲವೇ ಒಂದೇ ಕಿಟಕಿ ಇರಲಿ. ಐದು ಜಾಗಗಳನ್ನು ಹುಡುಕಿ: ಬೆಳಕು ನೇರ ಬೀಳುವ ಜಾಗ, ಬೆಳಕು ಮಾಸುವ ಜಾಗ, ಅತಿ ಕಪ್ಪಾದ ಪಟ್ಟಿ, ಅದರಾಚೆ ಮೇಜಿನಿಂದ ವಾಪಸ್ ಬಂದ ಮಂದ ಬೆಳಕು, ಮೇಜಿನ ಮೇಲೆ ಬಿದ್ದ ನೆರಳು. ನಾಲ್ಕನೆಯದನ್ನು ಹೊಸಬರು ಬಿಟ್ಟುಬಿಡುತ್ತಾರೆ, ಕಂಡ ಮೇಲೆ ಅದನ್ನೇ ಅತಿ ಬೆಳ್ಳಗೆ ಮಾಡುತ್ತಾರೆ. ನೆರಳಿನೊಳಗಿನ ಯಾವ ಜಾಗವೂ ಬೆಳಕಿನ ಕಡೆಯಷ್ಟು ಬೆಳ್ಳಗಿರಬಾರದು. ಬೆರಳಿಂದ ಉಜ್ಜಬೇಡಿ. ಗೆರೆಗಳನ್ನೇ ಮೈಯ ಬಾಗಿಗೆ ಹೊಂದಿಸಿ ಎಳೆಯಿರಿ. ರಬ್ಬರ್ ಬ್ಯಾಂಡಿನ ಪಾಠ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಹಾಗಲಕಾಯಿಯ ಮೈ

ಟೆಕ್ಸ್ಚರ್, ಅಂದರೆ ವಸ್ತುವಿನ ಮೈಯ ನುಣುಪು ತರಿತರಿ, ಅಂದ ಕೂಡಲೇ ನನಗೆ ಹಾಗಲಕಾಯಿಯೇ ನೆನಪಾಗುವುದು. ಅದರಷ್ಟು ಒಳ್ಳೆಯ ಗುರು ಸಂತೆಯಲ್ಲಿ ಇನ್ನೊಬ್ಬರಿಲ್ಲ.

ಮೊದಲ ಐದು ನಿಮಿಷ ಪೆನ್ ಮುಟ್ಟಬೇಡಿ. ಹಾಗಲಕಾಯಿಯನ್ನು ದೀಪದ ಕೆಳಗಿಟ್ಟು ಸುಮ್ಮನೆ ನೋಡಿ. ತೊಟ್ಟಿನಿಂದ ತುದಿಯವರೆಗೆ ಉದ್ದುದ್ದ ಏಣುಗಳು ಸಾಗಿವೆ. ಏಣುಗಳ ನಡುವೆ ಚಿಕ್ಕ ದೊಡ್ಡ ಗಂಟುಗಳು. ಒಂದೊಂದು ಗಂಟೂ ಒಂದು ಪುಟ್ಟ ಗುಡ್ಡ. ಅದಕ್ಕೂ ಬೆಳಕಿನ ಬದಿ ಇದೆ, ನೆರಳಿನ ಬದಿ ಇದೆ, ಪಕ್ಕದ ತಗ್ಗಿಗೆ ಅದು ಬೀಳಿಸುವ ನೆರಳೂ ಇದೆ.

ಟೆಕ್ಸ್ಚರಿನ ಗುಟ್ಟು ಇಷ್ಟೇ: ಗಂಟನ್ನು ಬಿಡಿಸಬೇಡಿ, ಗಂಟಿನ ನೆರಳನ್ನು ಬಿಡಿಸಿ. ಪ್ರತಿ ಗಂಟಿನ ಸುತ್ತ ದುಂಡಗೆ ಗೆರೆ ಎಳೆದರೆ ಹಾಗಲಕಾಯಿಗೆ ಗುಂಡಿ ಹೊಲಿದ ಹಾಗಿರುತ್ತದೆ. ನಾನು ಹಾಗೆ ಬಿಡಿಸಿದ ಹಾಳೆಗಳು ಇನ್ನೂ ನನ್ನ ಹತ್ತಿರ ಇವೆ. ಗಂಟುಗಳನ್ನು ಎಣಿಸಬಹುದು, ಕಾಯಿ ಮಾತ್ರ ಎಲ್ಲೂ ಕಾಣುವುದಿಲ್ಲ.

ಹಾಗಾದರೆ ಹೇಗೆ? ಮೊದಲು ಹಾಗಲಕಾಯಿಯನ್ನು ನುಣುಪಾದ ಸೌತೆಕಾಯಿಯ ಹಾಗೆ ಕಟ್ಟಿ. ಮೈಗೆರೆ ತೆಳುವಾಗಿ ಹಾಕಿ. ಏಣುಗಳನ್ನು ಉದ್ದಕ್ಕೆ ಗುರುತಿಸಿ. ನಡುವಿನ ಏಣುಗಳು ದೂರ ದೂರ, ಅಂಚಿನ ಕಡೆ ಹೋದಂತೆ ಒತ್ತೊತ್ತಾಗಿ ಕಾಣಬೇಕು, ಯಾಕೆಂದರೆ ಅಲ್ಲಿ ಮೈ ಹಿಂದಕ್ಕೆ ತಿರುಗುತ್ತಿದೆ. ಆಮೇಲೆ ಮೂರು ವಲಯ ಮಾಡಿಕೊಳ್ಳಿ. ಬೆಳಕು ನೇರ ಬೀಳುವ ಕಡೆ ಹಾಳೆಯನ್ನು ಹೆಚ್ಚುಕಮ್ಮಿ ಖಾಲಿ ಬಿಡಿ, ಅಲ್ಲೊಂದು ಇಲ್ಲೊಂದು ತುಂಡು ನೆರಳು ಸಾಕು. ಪೂರ್ತಿ ನೆರಳಿನ ಕಡೆ ಕಪ್ಪು ಕಪ್ಪಿನಲ್ಲೇ ಬೆರೆತುಹೋಗಲಿ. ನಿಮ್ಮ ದುಡಿಮೆಯೆಲ್ಲ ನಡುವಿನ ವಲಯಕ್ಕೆ, ಬೆಳಕು ನೆರಳಾಗುವ ಜಾಗಕ್ಕೆ. ಬೆಳಕು ಅಲ್ಲಿ ಓರೆಯಾಗಿ ಸವರಿಕೊಂಡು ಹೋಗುತ್ತದೆ. ಹಾಗಾಗಿ ತರಿತರಿ ಎಲ್ಲ ಅಲ್ಲೇ ಎದ್ದು ಕಾಣುತ್ತದೆ. ಸಂಜೆ ಬಿಸಿಲಿನಲ್ಲಿ ಮಣ್ಣು ರಸ್ತೆಯ ಸಣ್ಣ ಕಲ್ಲೂ ಕಾಣುವುದು ಇದೇ ಕಾರಣಕ್ಕೆ, ಮಧ್ಯಾಹ್ನ ಅಷ್ಟು ಕಾಣುವುದಿಲ್ಲ.

ಇನ್ನೊಂದು ಮಾತು. ನೆನಪಿನಿಂದ ತುಂಬಿಸಬೇಡಿ. ಎರಡು ಗಂಟು ಬಿಡಿಸಿ, ತಲೆ ಎತ್ತಿ ನೋಡಿ, ಮತ್ತೆ ಎರಡು ಬಿಡಿಸಿ. ಒಂದು ಕ್ಷಣ ನೋಡುವುದು ಬಿಟ್ಟರೆ ಕೈ ತಾನಾಗಿ ಒಂದೇ ಅಳತೆಯ ಗಂಟುಗಳನ್ನು ಸಾಲಾಗಿ ಹಾಕತೊಡಗುತ್ತದೆ.

ಹಾಗಲಕಾಯಿ ಆದ ಮೇಲೆ ತೆಂಗಿನಕಾಯಿಯ ನಾರು, ಗೋಣಿಚೀಲದ ನೇಯ್ಗೆ, ಮುದ್ದೆ ಮಾಡಿದ ಕಾಗದ, ಹಲಸಿನ ಹಣ್ಣಿನ ಮುಳ್ಳು, ಹೀಗೆ ಒಂದೊಂದಾಗಿ ಹಿಡಿಯಿರಿ. ಅಂಗೈ ಅಗಲದ ಉದ್ದನೆಯ ಪಟ್ಟಿ ಹಾಕಿಕೊಂಡು, ಎಡತುದಿ ಪೂರ್ತಿ ಕಪ್ಪು, ಬಲತುದಿ ಪೂರ್ತಿ ಬಿಳುಪು, ನಡುವೆ ಆ ಟೆಕ್ಸ್ಚರ್ ನಿಧಾನವಾಗಿ ಕರಗುವಂತೆ ಬಿಡಿಸಿ. ಒಂದು ಪಟ್ಟಿಗೆ ಒಂದು ಗಂಟೆ ಹಿಡಿದರೂ ಹಿಡಿಯಲಿ, ಅವಸರ ಬೇಡ.

ದಿನಕ್ಕೆ ಎಷ್ಟು ಹೊತ್ತು

ಅರ್ಧ ಗಂಟೆ. ಐದು ನಿಮಿಷ ಗೆರೆ ಮತ್ತು ಎಲಿಪ್ಸ್, ಹತ್ತು ನಿಮಿಷ ಪೆಟ್ಟಿಗೆ ಅಥವಾ ಚೊಂಬು. ಉಳಿದ ಹದಿನೈದು ನಿಮಿಷ ನಿಮಗೆ ಇಷ್ಟ ಬಂದದ್ದನ್ನು ಬಿಡಿಸಿ, ಅದನ್ನು ತಿದ್ದಲು ಕೂರಬೇಡಿ. ಬರೀ ಪೆಟ್ಟಿಗೆ ಬಿಡಿಸಿ ಬೇಜಾರಾಗಿ ಪೆನ್ ಕೆಳಗಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ಒಳ್ಳೆಯ ಕೈಗಳೂ ಇದ್ದವು, ಅದೇ ನನಗೆ ಬೇಸರ. ಟೆಕ್ಸ್ಚರ್ ಪಟ್ಟಿಗಳನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಯಾವ ಹಾಳೆಯನ್ನೂ ಹರಿದು ಎಸೆಯಬೇಡಿ, ತಾರೀಖು ಹಾಕಿ ಒಂದು ಫೈಲಿಗೆ ಸೇರಿಸಿ.

ಇಷ್ಟ ಬಂದದ್ದು ಅಂದರೆ ಏನು ಬಿಡಿಸೋದು ಅಂತ ಹೊಳೆಯದಿದ್ದರೆ ಕಿಟಕಿಯ ಹೊರಗೆ ಕಾಗೆ ಇದ್ದೇ ಇರುತ್ತದೆ, ಅಲ್ವಾ? ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ವ್ಯಂಗ್ಯಚಿತ್ರಗಳ ಜೊತೆಜೊತೆಗೆ ಕಾಗೆಗಳನ್ನೂ ಬಿಡದೆ ಬಿಡಿಸಿದವರು. ಮೈಗೆ ಒಂದು ಓರೆಯಾದ ಮೊಟ್ಟೆ, ತಲೆಗೆ ಒಂದು ಗೋಳ, ಕೊಕ್ಕಿಗೆ ಒಂದು ಶಂಕು. ಮೊಟ್ಟೆಯ ಸುತ್ತ ಎರಡು ಮೈಗೆರೆ ಹಾಕಿ, ರೆಕ್ಕೆ ಆ ಗೆರೆಯ ಮೇಲೆ ಮಡಚಿ ಕೂರಲಿ. ಕಾಲು ಹೊಟ್ಟೆಯ ಎಲ್ಲಿಂದ ಹೊರಡುತ್ತದೆ ಅಂತ ನೋಡುವಷ್ಟರಲ್ಲಿ ಅದು ಹಾರಿಹೋಗಬಹುದು. ಹೋದರೆ ಪಕ್ಕದಲ್ಲೇ ಇನ್ನೊಂದು ಮೊಟ್ಟೆ ಹಾಕಿಟ್ಟುಕೊಂಡು ಕೂತಿರಿ. ಇನ್ನೊಂದು ಕಾಗೆ ಬರುತ್ತದೆ.